ಕೊಡೆ ಸುತ್ತಿ ಹನ್ನೊಂದು ನಿಮಿಷ

ನೊಣ ಈಗ ಸಮುದ್ರದ ಮೇಲಿದೆ, ತಿಳಿನೀಲಿಯ ನಟ್ಟನಡುವೆ ನಿಂತು ಮುಂಗಾಲು ಉಜ್ಜಿಕೊಳ್ಳುತ್ತಿದೆ, ಊಟಕ್ಕೆ ಕೂರುವ ಮುಂಚೆ ಕೈ ತೊಳೆಯುವ ಮರ್ಯಾದಸ್ಥರ ಹಾಗೆ, ಉಜ್ಜಿ ಮುಗಿಸಿ ಅತ್ತಿತ್ತ ನೋಡಿ ನಕ್ಷೆಯ ಕೆನ್ನೇರಳೆ ಗೆರೆ ದಾಟಿ ದೊಡ್ಡ ವಿಮಾನ ನಿಲ್ದಾಣದ ನೆತ್ತಿಯ ಮೇಲೇ ಸೀದಾ ನಡೆದುಹೋಯಿತು, ಯಾರನ್ನೂ ಕೇಳಲಿಲ್ಲ, ಯಾರೂ ಗದರಲಿಲ್ಲ, ದಿನಕ್ಕೆ ಆರುನೂರು ವಿಮಾನ ಇಳಿದೇರುವ ಜಾಗವನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿ, ಬೆಟ್ಟಸಾಲಿನ ಕಂದುಬಣ್ಣದ ಮೇಲೆ ಒಂದರೆಗಳಿಗೆ ಕೂತು ಹಾರಿಹೋಯಿತು, ಅಷ್ಟೇ, ಇದ್ದದ್ದೇ ಇಷ್ಟು ಎಂದುಕೊಂಡ ಅವನು, ಎಂದುಕೊಂಡವನೇ ಪೆನ್ನಿನ ಮುಚ್ಚಳ ಮತ್ತೆ ಹಾಕಿದ, ಇದು ಮೂರನೇ ಸಲ, ತೆಗೆಯುವುದು, ಹಾಕುವುದು, ಕಾಗದದ ಕೆಳಗೆ ಬೋಧಕರ ಸಹಿ ಎಂದು ಅಚ್ಚಾದ ಚೌಕ ಖಾಲಿಯಾಗಿಯೇ ಇದೆ, ಇಪ್ಪತ್ತಾರು ವರ್ಷದಿಂದ ಈ ಫ್ಲೈಯಿಂಗ್ ಕ್ಲಬ್ಬಿನ ಇದೇ ಮೇಜಿನ ಮುಂದೆ ಕೂತು ಇಂಥ ಚೌಕದಲ್ಲಿ ಎಷ್ಟು ಸಹಿ ಎಳೆದಿಲ್ಲ, ವಿದ್ಯಾರ್ಥಿಗಳು ಕರಾವಳಿ ಹಾರಾಟದ ಯೋಜನೆ ತಂದಿಟ್ಟರೆ ಕಣ್ಣುಮುಚ್ಚಿ ಎಳೆಯುತ್ತಿದ್ದ, ಅದರಲ್ಲಿ ಒಂದನ್ನಂತೂ ನಿಜವಾಗಿಯೂ ಕಣ್ಣುಮುಚ್ಚಿಯೇ ಎಳೆದದ್ದು, ಬೇಡ, ಅದು ಈಗ ಬೇಡ — ಕಿಟಕಿಯಾಚೆ ಹ್ಯಾಂಗರಿನ ಮುಂದೆ ತಂಗಿಯ ಮಗಳು ಪುಟ್ಟ ವಿಮಾನದ ರೆಕ್ಕೆಗೆ ಏಣಿ ಒರಗಿಸಿ ಹತ್ತಿ, ಟ್ಯಾಂಕಿನೊಳಗೆ ಅಳತೆ ಕಡ್ಡಿ ಇಳಿಸಿ, ಎತ್ತಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದಾಳೆ, ಕಡ್ಡಿ ಹೇಳಿದ್ದನ್ನು ನಂಬದೆ ಇನ್ನೊಮ್ಮೆ ಇಳಿಸುತ್ತಾಳೆ, ಶಭಾಷ್, ಎರಡು ಸಲ ಅಳೆ ಎಂದು ಕಲಿಸಿದ್ದು ಅವನೇ, ಗುಬ್ಬಿ ಎಂದು ಹೆಸರಿಟ್ಟದ್ದೂ ಅವನೇ, ಇಪ್ಪತ್ತು ವರ್ಷದ ಗುಬ್ಬಿ, ಇವತ್ತು ಮೊದಲ ಸಲ ಒಬ್ಬಳೇ ತೀರಗುಂಟ ಉತ್ತರದ ಚಿಕ್ಕ ವಿಮಾನ ಪಟ್ಟಿಯವರೆಗೆ ಹಾರಿ ಮಧ್ಯಾಹ್ನ ವಾಪಸಾಗಬೇಕು, ಹಾಗೆ ಮಾಡಿದರೆ ಲೈಸೆನ್ಸಿಗೆ ಇನ್ನೊಂದೇ ಮೆಟ್ಟಿಲು.

ಕರಾವಳಿಗುಂಟ ಹಾರುವುದು ಮಕ್ಕಳಾಟ ಎನ್ನುತ್ತಾರೆ, ಎಡಗಡೆ ನೀರು, ಬಲಗಡೆ ನೆಲ, ನಡುವೆ ನೊರೆಯ ಬಿಳಿ ಗೆರೆ, ಅದರ ಕೈ ಹಿಡಿದು ಹೊರಟರೆ ದಾರಿ ತಪ್ಪಲೇಬೇಕೆಂದು ಹಟ ಹಿಡಿದರೂ ತಪ್ಪದು, ಆದರೆ ಆ ಗೆರೆಯ ಮಧ್ಯದಲ್ಲಿ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡ ದೊಡ್ಡಪ್ಪನ ಹಾಗೆ, ದೊಡ್ಡ ವಿಮಾನ ನಿಲ್ದಾಣ ಕೂತಿದೆ, ಅದರ ಮೇಲೆ ಕಣ್ಣಿಗೆ ಕಾಣದ ಒಂದು ಕೊಡೆ ಬಿಚ್ಚಿದೆ, ಪುಸ್ತಕದಲ್ಲಿ ನಿಯಂತ್ರಿತ ವಾಯುಪ್ರದೇಶ ಎಂದಿದ್ದರೂ ಕ್ಲಬ್ಬಿನವರಿಗೆಲ್ಲ ಅದು ಕೊಡೆಯೇ, ನಿಲ್ದಾಣದ ಹತ್ತಿರ ಅದರ ಹಿಡಿ ನೆಲ ಮುಟ್ಟಿದೆ, ದೂರ ಹೋದಂತೆ ಅಂಚು ಮೇಲೇರುತ್ತದೆ, ಒಳಗೆ ಹೋಗಬೇಕಾದರೆ ನಿಯಂತ್ರಕನನ್ನು ರೇಡಿಯೋದಲ್ಲಿ ಕರೆದು ಕೇಳಬೇಕು, ಬನ್ನಿ ಅಂದರೆ ಬರಬೇಕು, ಕಾಯಿರಿ ಅಂದರೆ ಹೊರಗೆ ಸುತ್ತು ಹೊಡೆಯುತ್ತ ಕಾಯಬೇಕು, ಕೇಳುವ ಗೋಜೇ ಬೇಡ ಅನ್ನುವವರಿಗೆ ಎರಡು ದಾರಿ ಉಂಟು, ಬಲಕ್ಕೆ ಬೆಟ್ಟದ ಹಿಂದಿನಿಂದ, ಅಲ್ಲಿ ಬೆಳಗಿನ ಮೋಡ ಹತ್ತು ಗಂಟೆಯಾದರೂ ಹಾಸಿಗೆ ಬಿಟ್ಟು ಏಳುವುದಿಲ್ಲ, ಎಡಕ್ಕೆ ಸಮುದ್ರದ ಮೇಲಿನಿಂದ, ದಡ ಬಿಟ್ಟು ಒಂಬತ್ತು ಮೈಲಿ ಆಚೆ, ಕೊಡೆಯಂಚಿನ ಕೆಳಗೆ ತಲೆ ಬಗ್ಗಿಸಿಕೊಂಡು, ಸಾವಿರದ ನಾನೂರು ಅಡಿಯಲ್ಲಿ. ಗುಬ್ಬಿಯ ಪೆನ್ಸಿಲ್ ಗೆರೆ ಎಡಕ್ಕೆ ಹೋಗಿದೆ. ಎಷ್ಟು ನೀಟಾಗಿ ಹೋಗಿದೆ, ದೀಪಸ್ತಂಭದ ಬಳಿ ದಡ ಬಿಟ್ಟು ನೀಲಿಗಿಳಿದು, ಕೊಡೆಯ ಹೊಟ್ಟೆ ಸವರಿಕೊಂಡು, ದೂರದ ಉಪ್ಪಿನ ಗದ್ದೆಗಳ ಬಳಿ ಮತ್ತೆ ದಡ ಸೇರಿದೆ, ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ಲೆಕ್ಕ, ದಿಕ್ಕು, ಗಾಳಿ, ಇಂಧನ, ಸುತ್ತಿ ಹೋಗುವುದರಿಂದ ಹೆಚ್ಚಾಗುವ ಸಮಯ ಹನ್ನೊಂದು ನಿಮಿಷ. ಹನ್ನೊಂದು. ಹದಿನಾಲ್ಕು ವರ್ಷದ ಹಿಂದೆ ಇವಳಮ್ಮನ ಲೆಕ್ಕದಲ್ಲೂ ಹನ್ನೊಂದೇ ಬಂದಿತ್ತು, ಅಣ್ಣ, ಹನ್ನೊಂದು ನಿಮಿಷ ತಾನೇ, ನನ್ನ ಕುರ್ಚೀಲಿ ಕೂತ ಪೇಷಂಟು ಬಾಯಿ ಮುಕ್ಕಳಿಸೋಕೇ ಅಷ್ಟು ಹೊತ್ತು ತಗೋತಾರೆ, ಹಾಕು ಸಹಿ.

ತಂಗಿ ಹಲ್ಲಿನ ಡಾಕ್ಟರು, ದಿನವಿಡೀ ಊರವರಿಗೆಲ್ಲ ಬಾಯಿ ಬಿಡಿ, ಇನ್ನೂ ಸ್ವಲ್ಪ, ಆ ಅನ್ನಿ ಎನ್ನುತ್ತಿದ್ದವಳು, ಮೂವತ್ತನೇ ವಯಸ್ಸಿಗೆ ಹಾರೋದು ಕಲಿಸು ಎಂದು ಬಂದು ಕೂತಳು, ಮಗಳನ್ನು ಗಂಡನ ಕಂಕುಳಿಗೆ ದಾಟಿಸಿ ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಹಾಜರು, ಕೈಯೆಂದರೆ ಕೈ, ಹಲ್ಲು ಕಿತ್ತು ಕಿತ್ತು ಹದಬಂದ ಕೈ, ಎಷ್ಟೇ ಅಡ್ಡಗಾಳಿ ಬೀಸಲಿ, ವಿಮಾನವನ್ನು ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸುತ್ತಿದ್ದಳು, ರೇಡಿಯೋ ಗುಂಡಿ ಒತ್ತಿದರೆ ಮಾತ್ರ ನಾಲಿಗೆ ಮೇಲಂಗುಳಿಗೆ ಅಂಟಿಕೊಳ್ಳುತ್ತಿತ್ತು, ಎಲ್ಲರಿಗೂ ಮೊದಮೊದಲು ಹಾಗೇ, ಇಡೀ ಆಕಾಶ ಕೇಳಿಸಿಕೊಳ್ಳುತ್ತಿದೆ ಎಂಬ ಅಳುಕು, ನಾಲ್ಕು ಸಲ ಕರೆದರೆ ಹೋಗುತ್ತದೆ, ಹೋಗಬೇಕಿತ್ತು, ಅವನು ಹೋಗಗೊಡಲಿಲ್ಲ. ಅವನಿಗೆ ಅನುಕರಣೆಯ ಚಟ, ಕಾಲೇಜಿನಿಂದ ಅಂಟಿದ್ದು, ಪ್ರಿನ್ಸಿಪಾಲರ ಕೆಮ್ಮು, ಬಸ್ ಕಂಡಕ್ಟರನ ಮೂಗು, ಕೆಟ್ಟ ಸ್ಟಾರ್ಟರಿನ ಕ್ರ್ಯಾಕ್ ಕ್ರ್ಯಾಕ್, ಯಾವುದನ್ನೂ ಬಿಟ್ಟವನಲ್ಲ, ಕ್ಲಬ್ಬಿನಲ್ಲಿ ಅವನ ಹೆಸರುವಾಸಿ ಐಟಮ್ ಎಂದರೆ ಟವರಿನ ನಿಯಂತ್ರಕನ ದನಿ, ಸ್ಟೀಲ್ ಲೋಟವನ್ನು ಬಾಯಿಗೆ ಕವುಚಿಕೊಂಡು ಮಾತಾಡಿದರೆ ಥೇಟ್ ರೇಡಿಯೋ, ಯಾರ್ರೀ ಅದು, ಸೈಕಲ್ ಬೆಲ್ ಹೊಡ್ಕೊಂಡು ಬರ್ತಿರೋದು, ಹೊರಗೇ ಇರಿ, ಇದೇನು ನಿಮ್ಮ ಸೋದರತ್ತೆ ಹಿತ್ತಲು ಅಂದ್ಕೊಂಡ್ರಾ, ಹೊರಗೇ ಇರಿ, ಇನ್ನೊಂದ್ ಸಲ ಕರೆದ್ರೆ ಹೆಸರು ಬರ್ಕೋತೀನಿ, ಹೊರಗೇ ಇರಿ — ಅಂದರೆ ಬಿದ್ದು ಬಿದ್ದು ನಗುತ್ತಿದ್ದರು ಎಲ್ಲರೂ, ಸ್ಪ್ಯಾನರ್ ಎಂದೇ ಎಲ್ಲರೂ ಕರೆಯುವ ಮೆಕ್ಯಾನಿಕ್ ಕಣ್ಣೊರೆಸಿಕೊಂಡು ಸಾಕು ಸಾರ್ ಹೊಟ್ಟೆ ನೋವು ಎನ್ನುತ್ತಿದ್ದ, ತಂಗಿ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದಳು, ನಕ್ಕು ನಕ್ಕು ಮೇಜಿಗೆ ಹಣೆ ಇಡುತ್ತಿದ್ದಳು, ಅಣ್ಣ ಇನ್ನೊಂದ್ಸಲ, ಅದೇ ಹಿತ್ತಲಿನದು. ಟವರಿಗೆ ಗಾಳಿಗೋಪುರ ಎಂದು ಹೆಸರಿಟ್ಟು ಬೀಗಿದ್ದ, ಗೋಪುರ ಅಲ್ಲಿತ್ತೋ ಇಲ್ಲವೋ, ಗಾಳಿ ತುಂಬಿದ್ದಂತೂ ಇವನೇ. ಆ ದನಿಯ ಅಸಲಿ ಆಸಾಮಿ ಒಬ್ಬನಿದ್ದದ್ದು ಹೌದು, ಇವನು ಕಲಿಯುತ್ತಿದ್ದಾಗ ಒಂದು ಸಲ ಹೊರಗೇ ಇರಿ ಎಂದು ಗದರಿದ್ದ ಮುದುಕ, ಒಂದೇ ಸಲ, ಅದೂ ಇವನದೇ ತಪ್ಪಿಗೆ, ಮರುವರ್ಷವೇ ಆತ ನಿವೃತ್ತನಾಗಿ ಮನೆ ಸೇರಿದ, ಮನೆ ಸೇರಿದವನನ್ನು ಹನ್ನೆರಡು ವರ್ಷ ಡ್ಯೂಟಿಯ ಮೇಲೇ ಇಟ್ಟುಕೊಂಡದ್ದು ಇವನ ಲೋಟ.

ನಗು ಹೇಗೆ ಒಳಗಿಳಿದು ಹೆದರಿಕೆಯಾಗಿ ಕೂರುತ್ತದೋ, ಅದು ಅವನಿಗೆ ಆಗ ತಿಳಿದಿರಲಿಲ್ಲ, ತಿಳಿಯಬೇಕಿತ್ತು, ಬೋಧಕ ಅಲ್ಲವೇ, ಇಳಿಯುವಾಗ ಯಾರ ಭುಜ ಬಿಗಿಯುತ್ತದೆ, ಯಾರು ಉಸಿರು ಕಟ್ಟುತ್ತಾರೆ ಎಂದು ಪಕ್ಕದ ಸೀಟಿನಿಂದಲೇ ಕಂಡುಹಿಡಿಯುವವನು, ಸ್ವಂತ ತಂಗಿ ಪ್ರತಿ ಸಲವೂ ಕೊಡೆ ಸುತ್ತಿಯೇ ಗೆರೆ ಎಳೆಯುತ್ತಾಳೆ ಎನ್ನುವುದು ಕಣ್ಣಿಗೆ ಬೀಳಲಿಲ್ಲವೇ, ಬಿದ್ದಿತ್ತು, ಏನಮ್ಮ, ಯಾವಾಗಲೂ ನೆಂಟರ ಮನೆ ಹೊರಗಿಂದಲೇ ದಾಟಿ ಹೋಗ್ತೀಯಲ್ಲ ಎಂದು ಅದರ ಮೇಲೂ ಒಂದು ಜೋಕು ಹೊಡೆದಿದ್ದ, ಅವಳು ಪೆನ್ಸಿಲ್ ಕಚ್ಚಿಕೊಂಡು ಅಲ್ಲಿ ಹೋಗಿ ಯಾಕೆ ಬೈಸ್ಕೋಬೇಕು ಬಿಡಣ್ಣ ಅಂದಿದ್ದಳು, ನಗುತ್ತಲೇ, ನಗುತ್ತಲೇ ಅಂದದ್ದರಿಂದ ಅವನು ನಗುತ್ತಲೇ ಸಹಿ ಹಾಕಿದ. ಎಂಜಿನ್ನು ನಿಂತದ್ದು ದಡದಿಂದ ಒಂಬತ್ತು ಮೈಲಿ ದೂರದಲ್ಲಿ. ಆ ಎತ್ತರದಿಂದ ಅಂಥ ವಿಮಾನ ತೇಲಿ ತೇಲಿ ಬಂದರೂ ಎರಡು ಮೈಲಿ, ಪಾಠದ ಮೊದಲನೇ ವಾರ ಅವನೇ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದ ಲೆಕ್ಕ, ಉಳಿದ ಏಳು ಮೈಲಿಗೆ ಯಾರ ಬಳಿಯೂ ಲೆಕ್ಕವಿರಲಿಲ್ಲ. ಮೀನುದೋಣಿಯವರು ಮಾರನೆಯ ದಿನ ಅವಳನ್ನು ತಂದರು, ಒಂಬತ್ತನೇ ದಿನ ಕ್ರೇನು ವಿಮಾನವನ್ನು ಎತ್ತಿತು, ಹ್ಯಾಂಗರಿನ ಮೂಲೆಯಲ್ಲಿಟ್ಟ ಅದರ ಮೂತಿಯಿಂದ ಮರಳು ಸುರಿಯುತ್ತಲೇ ಇತ್ತು, ಸ್ಪ್ಯಾನರ್ ಹಳೇ ಬಟ್ಟೆಯಿಂದ ರೇಡಿಯೋದ ಗಾಜು ಒರೆಸಿ ಬಗ್ಗಿ ನೋಡಿ, ಸಾರ್, ನಂಬರ್ ಸರಿಯಾಗೇ ಇಟ್ಟಿದಾರೆ ಸಾರ್ ಮೇಡಂ, ಟವರಿಂದೇ ನಂಬರು, ಎಂದ. ತನಿಖೆಯ ದಿನ ಗೋಡೆ ಗಡಿಯಾರವೊಂದೇ ಗಟ್ಟಿಯಾಗಿ ಮಾತಾಡುವ ಕೋಣೆ, ಅಂದು ಡ್ಯೂಟಿಯಲ್ಲಿದ್ದ ನಿಯಂತ್ರಕ ಎದುರು ಬೆಂಚಿನಲ್ಲಿ, ಅವನನ್ನು ಇವನು ನೋಡಿದ್ದು ಅದೇ ಮೊದಲು, ಸಣಕಲು ಆಳು, ಕನ್ನಡಕಕ್ಕೆ ದಾರ ಕಟ್ಟಿಕೊಂಡವನು, ದನಿಯೋ, ಒಂದನೇ ತರಗತಿಗೆ ಅಕ್ಷರ ತಿದ್ದಿಸುವ ಮೇಷ್ಟ್ರ ದನಿ, ಕೇಳಿದ್ರೆ ಕೊಡ್ತಿದ್ದೆ ಸಾರ್ ಅಂದ, ಆ ಹೊತ್ತಿಗೆ ಖಾಲಿ ಇತ್ತು, ಯಾವ ವಿಮಾನಾನೂ ಇರಲಿಲ್ಲ, ಹತ್ತು ಗಂಟೆ ಹದಿನಾರು ನಿಮಿಷಕ್ಕೆ ಯಾರೋ ಗುಂಡಿ ಒತ್ತಿದ ಹಾಗೆ ಎರಡು ಸಲ ಟಕ್ ಅಂತು, ಟೇಪಿನಲ್ಲೂ ಇದೆ, ಮಾತು ಬರಲಿಲ್ಲ, ಏನೋ ಸದ್ದು ಅಂದ್ಕೊಂಡೆ, ಕೇಳಿದ್ರೆ ಖಂಡಿತ ಕೊಡ್ತಿದ್ದೆ. ಟೇಪು ಹಾಕಿ ಕೇಳಿಸಿದರು. ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಉಗುರು ಮೋಟಾಗಿ ಕತ್ತರಿಸಿದ ಹೆಬ್ಬೆರಳು, ಕೈಗವಸಿನ ಪುಡಿ ಯಾವಾಗಲೂ ಉಗುರಿನ ಸಂದಿಯಲ್ಲಿ ಒಂಚೂರು ಉಳಿದಿರುತ್ತಿದ್ದ ಹೆಬ್ಬೆರಳು, ಗುಂಡಿಯ ಮೇಲೆ ಒತ್ತಿದೆ, ಎತ್ತಿದೆ, ಮತ್ತೆ ಒತ್ತಿದೆ, ಮತ್ತೆ ಎತ್ತಿದೆ. ತನಿಖಾಧಿಕಾರಿ ಇವನತ್ತ ತಿರುಗಿ, ನೀವು ಬೋಧಕರು, ಆಕೆ ಕರೆ ಮಾಡದೆ ಸುತ್ತಿ ಹೋಗೋಕೆ ಏನಾದ್ರೂ ಕಾರಣ ಇತ್ತೇ ಎಂದು ಕೇಳಿದರು, ಇವನು ಗಂಟಲು ಸರಿಮಾಡಿಕೊಂಡು, ಸಾಮಾನ್ಯವಾಗಿ ಹೊಸಬರು ಹಾಗೇ ಮಾಡ್ತಾರೆ ಸಾರ್ ಅಂದ, ತನ್ನದೇ ದನಿಯಲ್ಲಿ ಅಂದ, ಅಷ್ಟು ವರ್ಷದಲ್ಲಿ ತನ್ನ ಸ್ವಂತ ದನಿ ಸರಿಯಾಗಿ ಬಳಸಿದ್ದು ಅದೊಂದು ಸುಳ್ಳಿಗೆ. ಹೊರಗೆ ತಂಗಿಯ ಗಂಡ ಕೈ ಹಿಡಿದುಕೊಂಡು, ಭಾವ, ನೀವು ಮನಸ್ಸಿಗೆ ಹಚ್ಕೋಬೇಡಿ, ಕಲಿಸೋದನ್ನ ಚೆನ್ನಾಗೇ ಕಲಿಸಿದ್ರಿ ಅಂದ, ಚೆನ್ನಾಗೇ.

ಅಲ್ಲಿಗಾದರೂ ಲೋಟ ಕೆಳಗಿಡಬೇಕಿತ್ತು, ಇಡಲಿಲ್ಲ, ಆರು ವರ್ಷದ ಗುಬ್ಬಿ ತಿಂಗಳುಗಟ್ಟಲೆ ತುಟಿ ಬಿಚ್ಚದೆ ಸೋಫಾದ ಮೂಲೆಯಲ್ಲಿ ಕಾಲು ಮಡಿಸಿ ಕೂತಿರುತ್ತಿದ್ದಳು, ಏನು ಕೊಟ್ಟರೂ ಬೇಡ, ಎಲ್ಲಿಗೆ ಕರೆದರೂ ಬೇಡ, ಒಂದು ಸಂಜೆ ದಿಕ್ಕು ತೋಚದೆ ಅಡುಗೆಮನೆಯಿಂದ ಲೋಟ ತಂದು ಬಾಯಿಗೆ ಕವುಚಿ, ಯಾರ್ರೀ ಅದು ಸೋಫಾ ಮೇಲೆ ಲ್ಯಾಂಡ್ ಆಗಿರೋದು, ಯಾರ ಪರ್ಮಿಶನ್ ತಗೊಂಡ್ರಿ ಎಂದ, ಕೂಸು ನಕ್ಕಿತು, ಎಷ್ಟೋ ದಿನದ ಮೇಲೆ ಹಲ್ಲು ಕಾಣಿಸಿತು, ಅವಳಮ್ಮ ಇದ್ದಿದ್ದರೆ ಎಣಿಸುತ್ತಿದ್ದ ಹಲ್ಲು, ಅದಾದ ಮೇಲೆ ಪ್ರತಿ ಭಾನುವಾರ, ಮಾಮ ಟವರ್ ಮಾಡಿ, ಮಾಮ ಹಿತ್ತಲಿಂದು ಮಾಡಿ, ತಾಯಿಯ ಬಾಯಿ ಕಟ್ಟಿದ ದನಿಯೇ ಮಗಳ ಬಾಯಿ ಬಿಡಿಸಿತಲ್ಲ ಎಂದು ಅವನು ಒಳಗೊಳಗೇ ಸಮಾಧಾನ ಮಾಡಿಕೊಂಡ, ಒಂದಕ್ಕೊಂದು ಸರಿಹೋಯಿತೇನೋ ಎಂದುಕೊಂಡ, ಎಂಥ ತಲೆ ಅದು, ಎಂಥ ತಲೆಹರಟೆ — ಬಾಗಿಲು ಕಿರ್ ಅಂದಿತು, ಗುಬ್ಬಿ ಒಳಗೆ ಬಂದಳು, ಕೈಗೆ ಪೆಟ್ರೋಲಿನ ವಾಸನೆ, ಮಾಮ, ಎಲ್ಲ ಚೆಕ್ ಆಯ್ತು, ಹತ್ತಕ್ಕೆ ಹತ್ತು ನಿಮಿಷ ಇದೆ, ಸಹಿ ಹಾಕಿದ್ರಾ, ಇನ್ನೂ ಇಲ್ವಾ, ಪೆನ್ನಲ್ಲಿ ಇಂಕ್ ಇದೆಯೋ ಇಲ್ವೋ, ಎಂದು ಮೇಜಿಗೆ ಒರಗಿದಳು. ಅವನು ನಕ್ಷೆಯ ಮೇಲೆ ಬೆರಳಿಟ್ಟು, ಇಲ್ಲಿ ಯಾಕೆ ಎಡಕ್ಕೆ ಹೋಗಿದೀಯ ಎಂದ. ಕೊಡೆ ಇದೆಯಲ್ಲ ಮಾಮ. ಕೊಡೆ ಇದ್ರೆ ಕೇಳ್ಕೊಂಡು ಒಳಗೆ ಹೋಗೋದು. ಯಾಕೆ ಸುಮ್ನೆ, ಹನ್ನೊಂದು ನಿಮಿಷ ತಾನೇ, ಎಂದವಳೇ ಮೇಜಿನ ಮೇಲಿದ್ದ ಅವನ ಕಾಫಿ ಲೋಟ ಎತ್ತಿ ತಳದಲ್ಲಿದ್ದದ್ದನ್ನು ಕಿಟಕಿಯಾಚೆ ಚೆಲ್ಲಿ ಬಾಯಿಗೆ ಕವುಚಿಕೊಂಡಳು, ಯಾರ್ರೀ ಅದು, ಸೈಕಲ್ ಬೆಲ್ ಹೊಡ್ಕೊಂಡು ಬರ್ತಿರೋದು, ಹೊರಗೇ ಇರಿ, ನಿಮ್ಮ ಸೋದರತ್ತೆ ಹಿತ್ತಲು ಅಂದ್ಕೊಂಡ್ರಾ — ಅಕ್ಷರ ಅಕ್ಷರ ಅದೇ, ಏರಿಳಿತ ಅದೇ, ಕೊನೆಗೊಂದು ಗಂಟಲ ಗೊರಕೆ ಅದೂ ಅದೇ, ಅವನ ದನಿ ಅವಳ ಬಾಯಿಂದ ಬಂತು, ಹೊರಗಿನಿಂದ ಅದನ್ನು ಕೇಳಿದ್ದು ಜೀವನದಲ್ಲಿ ಇದೇ ಮೊದಲು, ನಗು ಬರಲಿಲ್ಲ, ಇಷ್ಟೊಂದು ಒರಟಾಗಿತ್ತೇ ಅದು.

ಲೋಟ ಕೆಳಗಿಡು ಅಂದ. ಅವಳು ಇನ್ನೂ ನಗುತ್ತಿದ್ದಳು, ಯಾಕೆ ಮಾಮ, ಕಾಪಿರೈಟಾ. ಕೆಳಗಿಡು ಮರೀ, ಈ ದಾರಿಗೆ ನಾನು ಸಹಿ ಹಾಕಲ್ಲ. ಯಾಕೆ ಹಾಕಲ್ಲ, ಕಾನೂನಿನಲ್ಲಿ ತಪ್ಪಿಲ್ಲ, ಲೈಫ್ ಜಾಕೆಟ್ ಹಾಕ್ಕೋತೀನಿ, ಎಂಜಿನ್ ಹೊಸದು, ಸ್ಪ್ಯಾನರ್ ಅಂಕಲ್ಲೇ ನಿಂತು ನೋಡಿದಾರೆ, ಅಮ್ಮನ ವಿಷಯಕ್ಕೆ ಹೆದರ್ಕೋತಿದೀರಾ, ಅದು ಹಳೇ ಎಂಜಿನ್ ಮಾಮ, ಅಮ್ಮನ ಅದೃಷ್ಟ ಸರಿ ಇರಲಿಲ್ಲ, ಎಂದು ಅವನನ್ನೇ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು, ಆ ಸಮಾಧಾನವೇ ಅವನನ್ನು ಕಚ್ಚಿದ್ದು, ಈಗ ಸುಮ್ಮನೆ ಎತ್ತರ, ತೇಲುವ ದೂರ, ಎರಡು ಮೈಲಿ, ಒಂಬತ್ತು ಮೈಲಿ ಎಂದು ಕರಿಹಲಗೆಯ ಪಾಠ ಒಪ್ಪಿಸಿಬಿಡಬಹುದು, ಅವಳು ಕೇಳುತ್ತಾಳೆ, ಗುಣವಂತೆ, ದಾರಿ ಬದಲಿಸುತ್ತಾಳೆ, ಅವನ ಮಾನ ಉಳಿಯುತ್ತದೆ, ಆದರೆ ದೀಪಸ್ತಂಭದ ಬಳಿ ಹೋಗಿ ಗುಂಡಿಯ ಮೇಲೆ ಬೆರಳಿಟ್ಟಾಗ ಅವಳ ಕಿವಿಯಲ್ಲಿ ಯಾರಿರುತ್ತಾರೆ, ಲೋಟದವನೇ ಇರುತ್ತಾನೆ, ಒತ್ತಿ ಎತ್ತುತ್ತಾಳೆ, ಎಡಕ್ಕೆ ತಿರುಗುತ್ತಾಳೆ, ಕಾಗದದಲ್ಲಿ ಗೆರೆ ಯಾವ ಕಡೆಗಿದ್ದರೇನು. ನಿಮ್ಮಮ್ಮ ಯಾಕೆ ಕರೀಲಿಲ್ಲ ಗೊತ್ತಾ, ಅಂದ. ಹೊಸಬರು ಹಾಗೇ ಮಾಡ್ತಾರೆ ಅಂತ ನೀವೇ ಅಲ್ವಾ ಹೇಳಿದ್ದು, ಅಪ್ಪ ಹೇಳ್ತಿರ್ತಾರೆ. ಅದು ಸುಳ್ಳು. ನನ್ನಿಂದ ಕರೀಲಿಲ್ಲ. ಟವರಲ್ಲಿ ಅಂಥವನು ಯಾರೂ ಇಲ್ಲ ಮರೀ, ಎಂದೋ ಒಬ್ಬ ಇದ್ದ, ಯಾವ ಕಾಲದಲ್ಲೋ ರಿಟೈರಾದ, ಉಳಿದದ್ದೆಲ್ಲ ನಾನು ಲೋಟದಲ್ಲಿ ಕಟ್ಟಿದ್ದು, ಅವಳು ಆ ಲೋಟಕ್ಕೆ ಹೆದರ್ಕೊಂಡ್ಲು, ಅವತ್ತು ಗುಂಡಿ ಎರಡು ಸಲ ಒತ್ತಿದಾಳೆ, ಟೇಪಲ್ಲಿದೆ, ಮಾತಾಡ್ಲಿಲ್ಲ. ಅಲ್ಲಿದ್ದ ಮನುಷ್ಯ ನಿನ್ನ ಒಂದನೇ ಕ್ಲಾಸ್ ಮೇಷ್ಟ್ರ ಹಾಗಿದ್ದ. ಕೇಳಿದ್ರೆ ಕೊಡ್ತಿದ್ದೆ ಅಂದ.

ಅವಳು ಲೋಟವನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಅಮ್ಮ ನಗ್ತಿದ್ಲಾ ಅಂದಳು. ಯಾವಾಗ. ನೀವು ಇದನ್ನ ಮಾಡಿದಾಗ. ನಗ್ತಿದ್ಲು, ಎಲ್ಲರಿಗಿಂತ ಜಾಸ್ತಿ. ನಾನೂ ಹಾಗೇ ಅಲ್ವಾ ನಕ್ಕಿದ್ದು, ಎಂದಳು, ಪ್ರಶ್ನೆಯೋ ಅಲ್ಲವೋ ಗೊತ್ತಾಗಲಿಲ್ಲ, ಹದಿನಾಲ್ಕು ವರ್ಷದಲ್ಲಿ ಒಂದು ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವಾ, ಅಂದಳು, ಅನ್ನಿಸ್ತು, ನೀನು ನಗ್ತಿದ್ದೆ, ಅಂದ, ಇಷ್ಟು ಬಡಪಾಯಿ ಉತ್ತರ ಅವನ ಬಾಯಿಂದ ಎಂದೂ ಬಂದಿರಲಿಲ್ಲ, ಮಾತಿನ ಮಲ್ಲ, ಎಲ್ಲರ ದನಿಗೂ ವಾರಸುದಾರ, ತನ್ನ ಬಾಯಿಗೆ ಮಾತ್ರ ಬಾಡಿಗೆದಾರ. ಅವಳು ಕುರ್ಚಿ ಎಳೆದು ಕೂತಳು, ರಬ್ಬರು ತೆಗೆದುಕೊಂಡು ಎಡದ ಗೆರೆಯನ್ನು ಉಜ್ಜಿದಳು, ದೀಪಸ್ತಂಭದಿಂದ ಉಪ್ಪಿನ ಗದ್ದೆಯವರೆಗೆ, ಅವಸರವಿಲ್ಲ, ಸಿಟ್ಟೂ ಕಾಣಿಸಲಿಲ್ಲ, ಸಿಟ್ಟು ಕಂಡಿದ್ದರೆ ಚೆನ್ನಾಗಿತ್ತು, ಉಜ್ಜಿದ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿ ಬುಟ್ಟಿಗೆ ಹಾಕಿ, ಸ್ಕೇಲ್ ಇಟ್ಟು ಕೊಡೆಯ ಹಿಡಿಯ ನಡುವಿನಿಂದಲೇ, ನೊರೆಯ ಗೆರೆಗೆ ಅಂಟಿಕೊಂಡು ಹೊಸ ಗೆರೆ ಎಳೆದಳು, ಎರಡು ಸಾವಿರ ಅಡಿ ಎಂದು ಬರೆದಳು, ಬೇಡ ಅಂದ್ರೆ ವಾಪಸ್ ಬರ್ತೀನಿ, ಸಮುದ್ರದ ಮೇಲೆ ಹೋಗಲ್ಲ, ಸಹಿ ಹಾಕಿ, ಎಂದಳು. ಹಾಕಿದ. ಒಂದ್ಸಲ ಇಲ್ಲೇ ಕರೆದು ನೋಡು, ನಾನು ಟವರಾಗ್ತೀನಿ, ಮಾಮೂಲಿ ದನೀಲಿ, ಎಂದ, ಎಂದದ್ದೇ ತಪ್ಪಾಯಿತು. ಬೇಡ, ಅಂದಳು. ಬೇಡ ಮಾಮ ಅನ್ನಲಿಲ್ಲ, ಬೇಡ ಎಂದಷ್ಟೇ, ಸಹಿ ಹಾಕಿ ಮಾಮ ಅನ್ನಲಿಲ್ಲ, ಸಹಿ ಹಾಕಿ ಎಂದಷ್ಟೇ, ಬಂದಾಗ ಪ್ರತಿ ಮಾತಿನ ಬಾಲಕ್ಕೂ ಮಾಮ ಇತ್ತು, ಯಾವ ಕ್ಷಣದಲ್ಲಿ ಉದುರಿಹೋಯಿತು, ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ, ಬಾಗಿಲು ಕಿರ್ ಎಂದು ಮುಚ್ಚಿಕೊಂಡಿತು, ಎಂಜಿನ್ನು ಎರಡನೇ ಯತ್ನಕ್ಕೆ ಹತ್ತಿಕೊಂಡಿತು, ವಿಮಾನ ಹುಲ್ಲಿನಂಚಿನಲ್ಲಿ ಕುಣಿಯುತ್ತ ಹೋಗಿ ತಿರುಗಿ ಓಡಿ ಎದ್ದಿತು, ಎಡಕ್ಕೆ ವಾಲಿ ನೊರೆಯ ಗೆರೆ ಹಿಡಿಯಿತು, ಸಣ್ಣದಾಯಿತು.

ಕ್ಲಬ್ಬಿನ ಕಪಾಟಿನ ಮೇಲೆ ರೇಡಿಯೋ ಇದೆ, ಕೇಳಿಸಿಕೊಳ್ಳಲಷ್ಟೇ ಬರುವ ರೇಡಿಯೋ, ನಂಬರು ನೂರ ಇಪ್ಪತ್ತನಾಲ್ಕು ಬಿಂದು ಮೂರಕ್ಕೆ ತಿರುಗಿಸಿ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ, ಮೇಲಿರುವ ವಿಮಾನಗಳ ಮಾತು ಮಾತ್ರ ಇಲ್ಲಿಗೆ ಕೇಳುತ್ತದೆ, ಟವರಿನದು ಕೇಳುವುದಿಲ್ಲ, ನಡುವೆ ಬೆಟ್ಟ ಅಡ್ಡ, ಆದ್ದರಿಂದ ಇಲ್ಲಿ ಕೂತವರಿಗೆ ಎಲ್ಲವೂ ಅರ್ಧ ಸಂಭಾಷಣೆ, ಪಕ್ಕದ ಮನೆಯವರು ಫೋನಿನಲ್ಲಾಡುವ ಜಗಳ ಕೇಳಿದ ಹಾಗೆ, ದೊಡ್ಡ ವಿಮಾನಗಳವರು ಒಬ್ಬರ ಬೆನ್ನಿಗೊಬ್ಬರು ಎತ್ತರ ಹೇಳುತ್ತಾರೆ, ದಿಕ್ಕು ಹೇಳುತ್ತಾರೆ, ಸರಿ ಎನ್ನುತ್ತಾರೆ, ಯಾರ ದನಿಯಲ್ಲೂ ಹೆದರಿಕೆ ಇಲ್ಲ, ಇವತ್ತು ಖಾಲಿಯಿಲ್ಲ, ಅಂದು ಖಾಲಿ ಇತ್ತು, ಇವತ್ತು ಇಷ್ಟು ಗಿಜಿಗಿಜಿ, ಇವರ ನಡುವೆ ಸಂದು ಹುಡುಕಿ ಅವಳು ಹೇಗೆ ನುಗ್ಗುತ್ತಾಳೆ, ಹತ್ತು ಗಂಟೆ ಹದಿನಾಲ್ಕಕ್ಕೆ ದೀಪಸ್ತಂಭ, ಅಲ್ಲಿಗೆ ಎರಡು ನಿಮಿಷ ಮುಂಚೆ ಕರೆಯಬೇಕು, ಹತ್ತು ಹನ್ನೆರಡು, ಇಲ್ಲ, ಹತ್ತು ಹದಿಮೂರು, ಇಲ್ಲ, ಸ್ಪ್ಯಾನರ್ ಕೈ ಒರೆಸಿಕೊಳ್ಳುತ್ತ ಬಂದು ಗುಬ್ಬಿ ಮೇಡಂ ಕರೆದ್ರಾ ಸಾರ್ ಎಂದು ಕೇಳಿ, ಇವನ ಮುಖ ನೋಡಿ, ಉತ್ತರಕ್ಕೆ ಕಾಯದೆ ಬಾಗಿಲ ಚೌಕಟ್ಟಿಗೆ ಒರಗಿದ, ಎದುರುಗಾಳಿ ಇರಬಹುದು, ಒಂದು ನಿಮಿಷ ಆಚೀಚೆ ಆಗಬಹುದು, ಅಥವಾ ಬಂದಾಗಿದೆ, ದೀಪಸ್ತಂಭ ರೆಕ್ಕೆಯ ಕೆಳಗೆ ಜಾರುತ್ತಿದೆ, ಕೈ ಗುಂಡಿಯ ಮೇಲಿದೆ, ಹತ್ತು ಹದಿನಾಲ್ಕು, ದೊಡ್ಡ ವಿಮಾನವೊಂದು ಧನ್ಯವಾದ ಎಂದಿತು, ಆಮೇಲೆ ಸದ್ದಿಲ್ಲ, ಇದೇ ಸಂದು, ಈಗ ಕರಿ, ಈಗ ಮರೀ — ಟಕ್ ಎಂದಿತು ರೇಡಿಯೋ. ಮಾತು ಬರಲಿಲ್ಲ. ಸ್ಪ್ಯಾನರ್ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತ, ತನಿಖೆಯ ದಿನ ಕೋಣೆಯ ಹಿಂದಿನ ಸಾಲಿನಲ್ಲಿ ಅವನೂ ಇದ್ದ. ಇವನು ಕಣ್ಣುಮುಚ್ಚಿದ, ಇನ್ನೊಂದು ಟಕ್, ಆಮೇಲೆ ಉಸಿರು, ಉಸಿರೇ ಅದು, ಆಮೇಲೆ ದನಿ, ತೆಳ್ಳಗಿನ, ಸ್ವಲ್ಪ ನಡುಗುವ, ಯಾರ ಹಾಗೂ ಅಲ್ಲದ ದನಿ, ಬರಿಯ ಗುಬ್ಬಿಯ ದನಿ, ಕಂಟ್ರೋಲ್, ಒಂದು ಚಿಕ್ಕ ವಿಮಾನ, ತರಬೇತಿ ಹಾರಾಟ, ದೀಪಸ್ತಂಭದ ಬಳಿ ಇದ್ದೇನೆ, ತೀರದ ಮೇಲೇ ನೇರ ದಾಟಲು ಅನುಮತಿ ಕೋರುತ್ತೇನೆ.

ಆಮೇಲೆ ಮೌನ, ಬೆಟ್ಟದಾಚೆ ಯಾರೋ ಅವಳಿಗೆ ಏನೋ ಹೇಳುತ್ತಿದ್ದಾರೆ, ಇಲ್ಲಿಗೆ ಅದು ಕೇಳುವುದಿಲ್ಲ, ಕೇಳದ ಆ ಜಾಗಕ್ಕೆ, ಬೇಡ ಬೇಡವೆಂದರೂ, ಲೋಟದವನು ಬಂದು ಕೂತ, ಯಾರ್ರೀ ಅದು, ಹೊರಗೇ ಇರಿ, ಹೊರಗೇ ಇರಿ, ಹಲ್ಲು ಕಚ್ಚಿ ತಡೆದ, ಅವನದೇ ಗಂಟಲು, ಅವನದೇ ಗೊರಕೆ, ಅವನ ಮಾತನ್ನು ಅವನೇ ಕೇಳುವುದಿಲ್ಲ — ರೇಡಿಯೋ ಬಾಯಿ ಬಿಟ್ಟಿತು, ತೀರಗುಂಟ ನೇರ ದಾಟಲು ಅನುಮತಿ, ಎರಡು ಸಾವಿರ ಅಡಿ, ಧನ್ಯವಾದ, ಎಂದಳು ಗುಬ್ಬಿ, ಸಲೀಸಾಗಿ, ಅಂಗಡಿಯಲ್ಲಿ ಸೋಪು ಕೇಳಿ ತೆಗೆದುಕೊಂಡ ಹಾಗೆ. ಕೊಟ್ರು ಸಾರ್, ಎಂದ ಸ್ಪ್ಯಾನರ್, ಕೊಟ್ಟೇಬಿಟ್ರಲ್ಲ, ಎಂದು ನಕ್ಕು ಹ್ಯಾಂಗರಿಗೆ ನಡೆದ. ಕೊಟ್ಟರು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು ಆಗಿರಬೇಕು, ಕೇಳಿದ್ದು, ಕೊಟ್ಟದ್ದು, ಧನ್ಯವಾದ ಹೇಳಿದ್ದು, ಇಷ್ಟು ಗಿಜಿಗಿಜಿಯ ನಡುವೆ ಕೊಟ್ಟರು, ಅಂದು ಯಾರೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು, ಒಳಗೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬ ಸುಮ್ಮನೆ ಕೂತಿದ್ದ, ಯಾರಾದರೂ ಕರೆಯಲಿ ಎಂದು ಕೂತಿದ್ದ, ಸಂತೋಷಪಡಬೇಕು ಈಗ, ಪಡುತ್ತಿದ್ದಾನೆ, ಗುಬ್ಬಿ ದಾಟುತ್ತಿದ್ದಾಳೆ, ದೊಡ್ಡ ರನ್‌ವೇ ಅವಳ ರೆಕ್ಕೆಯ ಕೆಳಗೆ ಬರುತ್ತಿದೆ, ಮಧ್ಯಾಹ್ನ ವಾಪಸು ಬರುತ್ತಾಳೆ, ಮಾಮ ಎನ್ನುತ್ತಾಳೋ ಇಲ್ಲವೋ, ಬರುತ್ತಾಳೆ, ಅಷ್ಟು ಸಾಕು, ಅದನ್ನೇ ಹಿಡಿದುಕೊಳ್ಳೋಣ ಎಂದರೆ ಮನಸ್ಸು ಅಲ್ಲಿ ನಿಲ್ಲುವುದಿಲ್ಲ, ಇಪ್ಪತ್ತು ಸೆಕೆಂಡು ಎಂಬಲ್ಲಿಗೆ ಬರುತ್ತದೆ, ಖಾಲಿ ಇತ್ತು ಎಂಬಲ್ಲಿಗೆ ಬರುತ್ತದೆ, ನಂಬರು ಸರಿಯಾಗಿತ್ತು, ಬೆರಳು ಅಲ್ಲೇ ಇತ್ತು, ಮೋಟಾಗಿ ಕತ್ತರಿಸಿದ ಉಗುರು, ಸಂದಿಯಲ್ಲಿ ಒಂಚೂರು ಬಿಳಿ ಪುಡಿ, ಒತ್ತಿದ ಹೆಬ್ಬೆರಳು, ಎತ್ತಿದ ಹೆಬ್ಬೆರಳು, ಒತ್ತಿದ ಹೆಬ್ಬೆರಳು, ಎತ್ತಿದ